ಎರಡು ಗೆರೆ

ಸೆಟೂಬಾಲ್ ಪುರಸಭೆಯ ಹಿಂಬದಿಯ ಕೋಣೆ.
ಕಡತದ ಹಸಿರು ದಾರ ಬಿಚ್ಚಿದರೆ ಮೊದಲು ಏಳುವುದು ವಾಸನೆ:
ನೂರು ವರ್ಷ ಕಳೆದರೂ ಬೂತಾಯಿ ಎಣ್ಣೆ
ಕಾಗದ ಬಿಟ್ಟು ಹೋಗಿಲ್ಲ.

ಎರಡು ಕನ್ನಡಕ, ಒಂದು ಭೂತಗನ್ನಡಿ, ನಾನು ಜುಲ್ಮೀರಾ.
ಎದುರಿಗೆ ಮೂರು ಪತ್ರ, ನಾಲ್ಕು ಮಂದಿ ಶಂಕಿತರು
ಮತ್ತು ದೆಯೋಲಿಂಡಾ.
ಸಾವಿರದ ಒಂಬೈನೂರ ಹನ್ನೆರಡು, ಫೆಬ್ರವರಿ;
ದೋಣಿ ಬಂತೆಂದು ಕಾರ್ಖಾನೆ ನಡುರಾತ್ರಿ ಕೂಗಿತು.
ಮೀನು ಕೊಯ್ಯಲು ಹೊರಟವಳು
ಉಪ್ಪಿನ ಕೊಟ್ಟಿಗೆ ದಾಟಲಿಲ್ಲ.

ವಾರದ ಮೇಲೆ ಪೊಲೀಸರಿಗೆ ಪತ್ರ:
“ಅವಳು ಸಿಕ್ಕಳು. ಇನ್ನು ನನ್ನನ್ನು ಹುಡುಕಿ.”

ಹುಡುಕುತ್ತಿದ್ದೇನೆ.

ಡಬ್ಬಿಗೆ ಬೆಸುಗೆ ಹಾಕುವ ಬೆಲ್ಮೀರು
ಸಂಘದ ರಸೀದಿಯಲ್ಲಿ ಎಷ್ಟು ಒತ್ತಿ ಬರೆದಿದ್ದಾನೆಂದರೆ
ಹಾಳೆಯ ಬೆನ್ನು ಸವರಿ ಓದಬಹುದು.
ಔಷಧಿ ಅಂಗಡಿಯ ಅನಕ್ಲೇತು ಹಟಮಾರಿ.
ರಾಜ ಹೋದ, ಗಣರಾಜ್ಯ ಬಂತು, ಕಾಗುಣಿತವೂ ಬದಲಾಯಿತು;
ಅವನ ಬೋರ್ಡಿನಲ್ಲಿ ಮಾತ್ರ ‘ಪಿ’ಗೆ ‘ಎಚ್’ ಗಂಟುಬಿದ್ದೇ ಇತ್ತು.
ಸಂಬಳದ ಗುಮಾಸ್ತ ಎರ್ಮೆನೆಜಿಲ್ದು:
ಮುತ್ತು ಪೋಣಿಸಿದ ಅಕ್ಷರ.
ಮುತ್ತಿನಂಥ ಅಕ್ಷರವನ್ನು ನಾನು ನಂಬುವುದಿಲ್ಲ,
ನನ್ನ ಗಂಡನದೂ ಹಾಗೇ ಇತ್ತು.
(ಇದು ಪುರಾವೆಯಲ್ಲ. ಹೊಡೆದುಹಾಕಿದ್ದೇನೆ.)
ಇನ್ನು ಭಾವ ಲುಜೇರು. ಅವನದು ಒಂದೇ ಒಂದು ಸಹಿ,
ಕುಡಿದು ಹಾಕಿದ್ದು, ಕಾಗೆ ಕಾಲು ಗುಬ್ಬಿ ಕಾಲು.

ನಮ್ಮ ‘ಸೀ’ ಅಕ್ಷರದ ಬುಡಕ್ಕೆ ಒಂದು ಬಾಲವುಂಟು.
ಲೋಕವೆಲ್ಲ ಅದನ್ನು ಎಡಕ್ಕೆ ಬಾಗಿಸುತ್ತದೆ.
ಪತ್ರದಲ್ಲಿ ಅದು ಬಲಕ್ಕೆ,
ಏನೋ ಸಿಕ್ಕಿದಂತೆ ಸೆಟೆದ ಗಾಳ.
ಮೂರು ಪತ್ರ, ಇಪ್ಪತ್ತಾರು ಗಾಳ.
ನಾಲ್ವರಲ್ಲಿ ಒಬ್ಬನದೂ ಹಾಗಿಲ್ಲ.

ಒಂಬತ್ತನೆಯ ದಿನ ಸಿಕ್ಕಿತು.
ಶವಪರೀಕ್ಷೆಯ ವರದಿಯಲ್ಲಿ ಅದೇ ಗಾಳ,
ರೊಟ್ಟಿಯವಳ ಹೇಳಿಕೆಯಲ್ಲಿ ಅದೇ,
ಸತ್ತವಳ ಜೇಬಿನ ಪಟ್ಟಿಯಲ್ಲಿ ಅದೇ—
ಹಲ್ಲು ಮುರಿದ ಬಾಚಣಿಗೆ, ಒಂದು ಕೀಲಿ, ಕಾಗದ ಇಲ್ಲ.
ಪೊಲೀಸ್ ಠಾಣೆಯ ಬರಹಗಾರ ತೆಯೊತೋನಿಯು!
ಕೈ ನಡುಗಿತು, ನನ್ನದು.
ಆಮೇಲೆ ಪತ್ರದ ಮೂಲೆಯನ್ನು ದೀಪಕ್ಕೆ ಓರೆ ಹಿಡಿದೆ.
ಪೆನ್ಸಿಲ್ಲಿನಲ್ಲಿ, ಇರುವೆಯಷ್ಟು: ನಕಲು.
ಮೂಲ ಲಿಸ್ಬನ್ನಿಗೆ ಕಳಿಸಿದೆ.

ಲಿಸ್ಬನ್ನಿನಿಂದ ಏನೂ ವಾಪಸು ಬಂದಂತಿಲ್ಲ.
ಒಂಬತ್ತು ದಿನ ನಾನು ತೂಗಿದ್ದು
ನಕಲು ಮಾಡಿ ಊಟಕ್ಕೆ ಎದ್ದುಹೋದವನೊಬ್ಬನ ಬೇಸರವನ್ನು.

ನಗು ಬಂತು. ಕಾಫಿ ಕುಡಿದು ಬಂದೆ.

ಕಡತದ ತಳದಲ್ಲಿ ಕಾರ್ಖಾನೆಯ ಸಂಬಳ ಪುಸ್ತಕ;
ಯಾರು ಸೇರಿಸಿದರೋ, ಯಾಕೋ.
ದೆಯೋಲಿಂಡಾಳ ಕೈಬರಹವನ್ನು ಈವರೆಗೆ ಯಾರೂ ಕೇಳಿಲ್ಲ,
ಅಕ್ಷರ ಬಾರದವಳಿಗೆ ಎಲ್ಲಿಯ ಕೈಬರಹ?
ಅವಳು ಹಾಕುತ್ತಿದ್ದುದು ಗೆರೆಗೆ ಅಡ್ಡ ಗೆರೆ.
ನಲವತ್ತೊಂದು ಶನಿವಾರ.
ಬೇಸಿಗೆಯಲ್ಲಿ ಕೈಕಾಲು ಚಾಚಿ ಮಲಗಿದ ಗೆರೆ,
ತಗಡು ಬೆರಳು ಕೊಯ್ದ ವಾರ ಗಿಡ್ಡ,
ಮಗು ತೀರಿಕೊಂಡ ನವೆಂಬರಿನಲ್ಲಿ
ಎರಡನೆಯ ಗೆರೆ ಮೊದಲನೆಯದನ್ನು ಮುಟ್ಟಿಲ್ಲ.
ಪ್ರತಿ ಸಲವೂ ಮೊದಲು ಬಲದಿಂದ ಎಡಕ್ಕೆ ಇಳಿಯುತ್ತಾಳೆ,
ತುದಿಯಲ್ಲಿ ತುಸು ನಿಲ್ಲುತ್ತಾಳೆ. ಅಲ್ಲೊಂದು ಮಸಿಯ ಸೊನ್ನೆ.
ಪೂರ್ತಿ ಕಲಿತವರು ಹೀಗೆ ನಿಲ್ಲುವುದಿಲ್ಲ.

ಪುಟ ತಿರುವಿದರೆ ನಲವತ್ತೆರಡು.
ಅವಳನ್ನು ಮಣ್ಣು ಮಾಡಿ ನಾಲ್ಕು ದಿನಕ್ಕೆ ಬಿದ್ದ ಶನಿವಾರ.
ಎಡದಿಂದ ಬಲಕ್ಕೆ ಇಳಿದ ಗೆರೆ, ನಯ, ನಿಲುಗಡೆಯಿಲ್ಲ,
ಎರಡೇ ಎರಡು ಗೆರೆಯಲ್ಲೂ
ಮುತ್ತು ಪೋಣಿಸಿದ ಹಾಗೆ.

ಸತ್ತವಳ ಕೂಲಿ ಕದ್ದವನು ಕೊಂದವನೇ ಆಗಬೇಕಿಲ್ಲ.
ಗೊತ್ತು. ವರದಿಯಲ್ಲಿ ಅದನ್ನೇ ಬರೆಯುತ್ತೇನೆ.
ಹೋಲಿಕೆ: ಸಾಲದು.

ಕಾವಲುಗಾರ ಬೀಗದ ಕೈ ಕುಲುಕುತ್ತಿದ್ದಾನೆ.
ಇನ್ನೊಂದು ಸಾಲು ಓದಿ ಏಳುತ್ತೇನೆ ಎಂದೆ.

ಸಂದಾಯ: ಎಂಟುನೂರ ನಲವತ್ತು ರೇಯಿಸ್.
ಪಡೆದವಳ ರುಜು: